ಬರಾನಿಕೋ ಎಸೆದ ಚೌಕ

ಬರಾನಿಕೋನನ್ನು ನಾನು ಮೊದಲು ಕಂಡದ್ದು ನಮ್ಮ ತರಾವಾ ದ್ವೀಪದ ಕೆಸರು ತೀರದಲ್ಲಿ. ಮೀನುಗಾರಿಕೆ ಇಲಾಖೆಯಿಂದ ಚಿಪ್ಪಿನ ಲೆಕ್ಕಕ್ಕೆ ಬಂದಿದ್ದ ಅವನು ಕಣ್ಣು ಮುಚ್ಚಿ ತಂತಿಯ ಚೌಕ ಎಸೆದು, ಅದರೊಳಗೆ ಸಿಕ್ಕ ಕಪ್ಪೆಚಿಪ್ಪುಗಳನ್ನಷ್ಟೇ ಎಣಿಸುತ್ತಿದ್ದ.

"ಒಂದೂ ಸಿಗಲಿಲ್ವಲ್ಲೋ! ಕಣ್ಣು ಬಿಟ್ಟು ಎಸಿಯೋ, ಪೆದ್ದ," ಎಂದೆ.

"ನೋಡ್ಕೊಂಡು ಎಸೆದ್ರೆ ಲೆಕ್ಕ ಸುಳ್ಳಾಗುತ್ತೆ ಅಜ್ಜಿ. ಚಿಪ್ಪು ಕಮ್ಮಿ ಅಂತ ಬಂದ್ರೆ, ಎರಡು ವರ್ಷ ಯಾರೂ ಹೆಕ್ಕದ ಹಾಗೆ ಮಾಡಿ ಉಳಿಸ್ಕೋಬೋದು."

ಆ ಮಾತು ನನ್ನ ತಲೆಗೆ ಹತ್ತಲಿಲ್ಲ. ನಮ್ಮ ತೀರಕ್ಕೆ ಬಂದವನು ಬರಿಗೈಯಲ್ಲಿ ಹೋಗುವುದೇ? ಅವನು ಬರೆಯಲು ತಿರುಗಿದಾಗಲೆಲ್ಲ ನನ್ನ ಬುಟ್ಟಿಯಿಂದ ನಾಲ್ಕು ನಾಲ್ಕು ಚಿಪ್ಪು ಚೌಕದೊಳಗೆ ಹೂತೆ.

ಲೆಕ್ಕದಲ್ಲಿ ಚಿಪ್ಪು ಧಾರಾಳ ಎಂದು ಬಂತು. ಹೆಕ್ಕುವುದನ್ನು ಯಾರೂ ತಡೆಯಲಿಲ್ಲ. ಮೂರನೆಯ ವರ್ಷ ಹೆಂಗಸರೆಲ್ಲ ಖಾಲಿ ಬುಟ್ಟಿ ಹೊತ್ತು ಬಂದೆವು. ಎಲ್ಲರೂ ಅವನನ್ನು ಬೈದರು. ನಾನು ತಲೆತಗ್ಗಿಸಿ ಬುಟ್ಟಿಯ ಕೆಸರು ತೊಳೆಯುತ್ತಾ ಕೂತೆ.

ಕೆಲಸ ಬಿಟ್ಟು ಹೊರಟ ದಿನ ಅವನು ಮನೆಗೆ ಬಂದ.

"ಅಜ್ಜಿ, ನೀನು ಪಕ್ಕದಲ್ಲೇ ಇದ್ದೆಯಲ್ಲ, ನಾನು ಎಲ್ಲಿ ತಪ್ಪಿದೆ ಹೇಳ್ತೀಯಾ?"