ತ್ರಿಪ್ಲಿಕೇನ್‌ನಲ್ಲಿ ಅಪ್ಪನ ಜೂಮ್ ಲೆನ್ಸ್

ತೀರಿಹೋದ ಅಪ್ಪನ ಹಳೆಯ ಜೂಮ್ ಲೆನ್ಸನ್ನು ಅಡಾಪ್ಟರ್ ಹಾಕಿ ನನ್ನ ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಿಕೊಂಡು ಚೆನ್ನೈಗೆ ಬಂದಿದ್ದೆ. ಎರಡು ದಿನ ತೆಗೆದ ಚಿತ್ರಗಳೆಲ್ಲ ಮಸುಕು. ಒಳಗೆ ಬೂಷ್ಟು ಹಿಡಿದಿರಬೇಕು, ಇದೂ ಕೈಬಿಟ್ಟಿತು ಎಂದುಕೊಂಡೇ ತ್ರಿಪ್ಲಿಕೇನ್‌ನ ಈ ಗೂಡಿನಂಥ ಕ್ಯಾಮೆರಾ ರಿಪೇರಿ ಅಂಗಡಿ ಹತ್ತಿದೆ.

ಯಜಮಾನರು ವರದರಾಜನ್, ಎಪ್ಪತ್ತು ದಾಟಿದವರು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ತಮ್ಮ ಮನೆಮಾತಾದ ಕನ್ನಡಕ್ಕೆ ಹೊರಳಿದರು. ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿ, "ಗ್ಲಾಸ್ ರೊಂಬ ಕ್ಲೀನಾಗಿದೆ ಸಾರ್. ಎಲ್ಲಿ, ನನ್ನದೇ ಒಂದು ಫೋಟೋ ತೆಗೀರಿ" ಎಂದರು.

ತೆಗೆಯಹೊರಟರೆ ಮಣಿಕಟ್ಟು ಹಿಡಿದುಬಿಟ್ಟರು. "ಅಲ್ಲೇ ತಪ್ಪು! ಫ್ರೇಮ್ ಮಾಡಿ ಆಮೇಲೆ ಫೋಕಸ್ ಮಾಡ್ತೀರಲ್ಲ? ಮೊದಲು ಪೂರ್ತಿ ಜೂಮ್ ಮಾಡಿ, ಕಣ್ರೆಪ್ಪೆಗೆ ಫೋಕಸ್ ಮಾಡಿ. ಆಮೇಲೆ ಎಷ್ಟು ಬೇಕೋ ಅಷ್ಟು ಜೂಮ್ ಹಿಂದಕ್ಕೆ ತನ್ನಿ. ಈ ಹಳೇ ಜೂಮು ಫೋಕಸ್ ಬಿಟ್ಟುಕೊಡಲ್ಲ."

ಹಾಗೇ ಮಾಡಿದೆ. ಅವರ ಹುಬ್ಬಿನ ಒಂದೊಂದು ಬಿಳಿ ಕೂದಲೂ ಪರದೆಯಲ್ಲಿ ಎದ್ದು ನಿಂತಿತು. ಅಪ್ಪನಿಗೆ ಇದು ಗೊತ್ತಿತ್ತು. ನಾನೇ ಒಂದು ದಿನವೂ ಕೇಳಿರಲಿಲ್ಲ.

ಕ್ಯಾಮೆರಾ ಈಗ ವರದರಾಜನ್ ಅವರ ಕೈಯಲ್ಲಿದೆ. ಅದನ್ನು ಬೀದಿಯ ಕಡೆ ಹಿಡಿದು, ಎದುರು ಮಹಡಿಯ ಮುಖಗಳು ಪರದೆಯಲ್ಲಿ ಹಿಗ್ಗುವುದನ್ನು ನೋಡುತ್ತ, "ನಲವತ್ತು ವರ್ಷ ಇಂಥ ಲೆನ್ಸ್ ಬಿಚ್ಚಿ ಜೋಡಿಸಿದೀನಿ. ಇದಕ್ಕೆ ಇಷ್ಟು ಕಾಣತ್ತೆ ಅಂತ ಇವತ್ತು ಈ ಪರದೆ ನೋಡಿದಮೇಲೇ ಗೊತ್ತಾಗಿದ್ದು" ಎನ್ನುತ್ತಿದ್ದಾರೆ.

ನನ್ನ ರೈಲಿಗೆ ಹೊತ್ತಾಗುತ್ತಿದೆ. ಅವರಾಗಿ ಕೊಡುವವರೆಗೆ ಕೇಳಬಾರದೆಂದು ಸ್ಟೂಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.