ಗೊಬ್ಬರದಕ್ಕನ ಎರವಲು ಮೂಗು

ಗೊಬ್ಬರದಕ್ಕನಿಗೆ ವಾಸನೆ ಗೊತ್ತಾಗುವುದಿಲ್ಲ. ಎಂಟನೇ ವಯಸ್ಸಿನಲ್ಲಿ ಬಂದ ಜ್ವರ ಇಳಿದಾಗ ಮೂಗು ಉಳಿಯಿತು, ಅದರ ಕೆಲಸ ಉಳಿಯಲಿಲ್ಲ. ಹಾಲು ತಳ ಹಿಡಿದರೂ ಒಂದೇ, ಮಲ್ಲಿಗೆ ಮುಡಿದರೂ ಒಂದೇ.

ಬೆಳಕು ಹರಿಯುವ ಹೊತ್ತಿಗೆ ಅವರು ನೀರಿನ ಟ್ಯಾಂಕಿನ ಹಿಂದಿನ ತಗಡಿನ ಗೇಟನ್ನು ತೆರೆಯುತ್ತಾರೆ. ಒಳಗೆ ಸಾಲಾಗಿ ಎಂಟು ಇಟ್ಟಿಗೆ ತೊಟ್ಟಿಗಳು, ಗಾಳಿಯಾಡಲು ಗೋಡೆಯ ತುಂಬ ಕಿಂಡಿಗಳು. ಪ್ರತಿ ತೊಟ್ಟಿಯ ನಡುವೆ ಒಂದು ಕಬ್ಬಿಣದ ಸರಳು ನೆಟ್ಟಿದೆ. ಅಕ್ಕ ಸರಳನ್ನು ಎಳೆದು ಮೊಣಕೈ ಒಳಭಾಗಕ್ಕೆ ಒತ್ತಿ ನೋಡುತ್ತಾರೆ. ಚುರ್ ಅಂದರೆ ಒಳಗೆ ಕಸ ಚೆನ್ನಾಗಿ ಕೊಳೆಯುತ್ತಿದೆ ಎಂದು ಅರ್ಥ. ಆಮೇಲೆ ಒಂದು ಹಿಡಿ ತೆಗೆದು ಹಿಂಡುತ್ತಾರೆ. ಬೆರಳಿನ ಸಂದಿಯಲ್ಲಿ ನೀರು ಇಳಿದರೆ ಒಣ ಎಲೆ ಸುರಿಯಬೇಕು.

ಅಷ್ಟರಲ್ಲಿ ತಳ್ಳುಗಾಡಿಯ ಸದ್ದು. ಅವರ ನಾದಿನಿ, ಗಂಡನ ತಂಗಿ, ಮನೆಮನೆಯ ಕಸ ತರುವವರು.

"ಐದರದ್ದು ಏನು ವಾಸನೆ?" ಅಕ್ಕ ಕೇಳುತ್ತಾರೆ.

ನಾದಿನಿ ಬಗ್ಗುತ್ತಾರೆ. "ಒದ್ದೆ ಮಣ್ಣು."

"ಆರು?"

"ತುಂಬಾ ದಿನ ಮುಚ್ಚಿಟ್ಟ ಟ್ರಂಕು ತೆಗೆದ ಹಾಗೆ."

"ಹುಳಿ ಇಲ್ವಾ? ಸರಿಯಾಗಿ ನೋಡೇ."

"ಇನ್ನೇನು ತೊಟ್ಟಿಯೊಳಗೆ ಇಳಿದು ಮಲಗ್ಲಾ ಅತ್ತಿಗೆ?"

ಅಕ್ಕ ಅಷ್ಟಕ್ಕೂ ಬಿಡುವುದಿಲ್ಲ. ಗೇಟಿನ ಮುಂದೆ ಸೈಕಲ್ಲಿನಲ್ಲಿ ಹೋಗುವ ಪೇಪರಿನವನನ್ನು ಕೈ ಅಡ್ಡ ಹಾಕಿ ನಿಲ್ಲಿಸುತ್ತಾರೆ. "ಒಂದು ನಿಮಿಷ ಮೂಗು ಕೊಟ್ಟು ಹೋಗಪ್ಪಾ." ಅವನು ಸೈಕಲ್ ಇಳಿಯದೆ ಕತ್ತು ಚಾಚಿ ಮೂಸುತ್ತಾನೆ. "ಟ್ರಂಕೇ ಅಕ್ಕ. ನಮ್ಮಜ್ಜಿದು" ಎಂದು ಪೆಡಲ್ ತುಳಿಯುತ್ತಾನೆ.

ಕಸದ ಕೆಲಸಕ್ಕೆ ಮೂಗು ಯಾಕೆ ಬೇಕು? ಅಕ್ಕನನ್ನು ಇಲ್ಲಿಗೆ ಕಳಿಸಿದವರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಮೊದಲು ಅವರು ರಸ್ತೆ ಗುಡಿಸುತ್ತಿದ್ದರು. ಆಗ ಸರ್ಕಾರದ ಹೊಸ ನಿಯಮ ಬಂತು: ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆಯಾಗಬೇಕು, ಒಂದು ವಾರ್ಡಿನ ಹಸಿ ಕಸ ಆ ವಾರ್ಡಿನಲ್ಲೇ ಗೊಬ್ಬರವಾಗಬೇಕು, ಊರಾಚೆಯ ಕಸದ ಗುಡ್ಡೆಗೆ ಹೋಗಕೂಡದು. ತೊಟ್ಟಿ ಕಟ್ಟಿದರು. ನೋಡಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. "ನಂಗೆ ವಾಸನೆ ಬರಲ್ಲ ಸಾರ್" ಎಂದು ಅಕ್ಕ ಹೇಳಿದ್ದಕ್ಕೆ ಸೂಪರ್‌ವೈಸರ್ ಹಿಗ್ಗಿಹೋದರಂತೆ. "ಇದಕ್ಕಿಂತ ಇನ್ನೇನಮ್ಮ ಬೇಕು? ಈ ಕೆಲಸಕ್ಕೇ ಹುಟ್ಟಿದ್ದೀಯ!"

ಎಡವಿದ್ದು ಅಲ್ಲಿಯೇ. ಕೊಳೆಯುವ ಕಸ ಗಾಳಿ ಸಿಗದೆ ಉಸಿರುಗಟ್ಟಿದರೆ ಮೊದಲು ಹುಳಿ ವಾಸನೆ ಹೊಡೆಯುತ್ತದೆ. ಆಗಲೇ ತಿರುವಿ ಹಾಕಿ ಒಣ ಎಲೆ ಬೆರೆಸಿದರೆ ಸರಿಹೋಗುತ್ತದೆ. ತಡವಾದರೆ ಬೀದಿಯೇ ಮೂಗು ಮುಚ್ಚಿಕೊಳ್ಳಬೇಕು. ಸುತ್ತ ಮನೆಗಳಿವೆ. ನಿವಾಸಿಗಳಿಂದ ಮೂರು ದೂರು ಬಂದರೆ ಘಟಕ ಬಂದ್ ಎಂಬುದು ಕಟ್ಟುವಾಗಲೇ ಹಾಕಿದ ಷರತ್ತು. ಬಂದ್ ಆದರೆ ನಾನೂರು ಮನೆಗಳ ಹಸಿ ಕಸ, ದಿನಕ್ಕೆ ಸುಮಾರು ಇನ್ನೂರೈವತ್ತು ಕಿಲೋ, ಮತ್ತೆ ಲಾರಿ ಹತ್ತಿ ಗುಡ್ಡೆಗೆ ಹೋಗುತ್ತದೆ. ಅಕ್ಕ ಪೊರಕೆ ಹಿಡಿದು ಮತ್ತೆ ರಸ್ತೆಗೆ.

ಮೊದಲೆರಡು ದೂರು ಆರಂಭದಲ್ಲೇ ಬಂದಿದ್ದವು. ಎರಡನ್ನೂ ಕೊಟ್ಟವರು ಎದುರುಮನೆಯ ಅಜ್ಜ. ಅವರ ಅಡುಗೆಮನೆಯ ಕಿಟಕಿ ನೇರ ತೊಟ್ಟಿಗಳ ಮೇಲೆ ತೆರೆಯುತ್ತದೆ. ಎರಡನೆಯದಾದ ಮೇಲೆ ಅಕ್ಕ ನಾದಿನಿಯ ಮೂಗನ್ನು ನೆಚ್ಚಿಕೊಂಡರು. ಮನೆಯಲ್ಲೂ ಅದು ಹೊಸತೇನಲ್ಲ. ಒಮ್ಮೆ ಗ್ಯಾಸ್ ಸೋರುತ್ತಿದ್ದಾಗ ಬೆಂಕಿಕಡ್ಡಿ ಗೀರಲು ಹೊರಟಿದ್ದ ಅತ್ತಿಗೆಯ ಕೈ ಹಿಡಿದವರು ಇದೇ ನಾದಿನಿ. "ಅಣ್ಣನ ಸಾಕ್ಸ್ ಬಿಚ್ಚಿದ್ರೆ ನಾವೆಲ್ಲ ಆಚೆ ಓಡ್ತಿದ್ವಿ. ಇವಳೊಬ್ಬಳೇ ಪಕ್ಕದಲ್ಲಿ ಕೂತು ಊಟ ಬಡಿಸ್ತಿದ್ಲು. ಎಂಥಾ ಪ್ರೀತಿ ಅಂತ ಅಮ್ಮ ಕಣ್ಣು ಒರೆಸ್ಕೊಂಡಿದ್ರು" ಎಂದು ನಾದಿನಿ ನಗುತ್ತಾರೆ.

ಹೋದ ತಿಂಗಳವರೆಗೆ ಈ ಏರ್ಪಾಡು ಸಲೀಸಾಗಿ ನಡೆದಿತ್ತು. ಆಮೇಲೆ ಒಂದು ಕ್ಯಾಂಟೀನಿನಿಂದ ಮಿಕ್ಕ ಊಟ ಬಂತು, ನೀರು ನೀರಾಗಿ, ಡ್ರಮ್ಮುಗಟ್ಟಲೆ. ಹೊಸದಾಗಿ ತುಂಬುತ್ತಿದ್ದ ಮೂರು ಮತ್ತು ನಾಲ್ಕನೇ ತೊಟ್ಟಿಗೆ ಅದನ್ನು ಹಂಚಿದರು. ಅದೇ ವಾರ ನಾದಿನಿಗೆ ನೆಗಡಿ.

"ವಾಸನೆ ಇದೆಯಾ?" ಆಗೆಲ್ಲ ಅಕ್ಕ ಕೇಳುತ್ತಿದ್ದದ್ದು ಹೀಗೆ.

"ಏನೂ ಇಲ್ಲ ಅತ್ತಿಗೆ."

ಮರುದಿನವೂ ಏನೂ ಇಲ್ಲ. ಅದರ ಮರುದಿನವೂ. ಅಕ್ಕನಿಗೆ ಖುಷಿಯೋ ಖುಷಿ. ವಾಸನೆಯೇ ಇಲ್ಲ ಅಂದರೆ ಇದಕ್ಕಿಂತ ಒಳ್ಳೆಯದುಂಟೇ? ಸರಳು ಮಾತ್ರ ಯಾಕೋ ಬೆಚ್ಚಗಷ್ಟೇ ಇತ್ತು. "ಕೈ ಒಂದು ಹೇಳ್ತಿತ್ತು, ಮೂಗು ಒಂದು ಹೇಳ್ತಿತ್ತು. ನಾನು ಮೂಗನ್ನ ನಂಬಿದೆ. ಇಲ್ಲದವರಿಗೆ ಇರೋರ ಮೇಲೆ ನಂಬಿಕೆ ಜಾಸ್ತಿ ನೋಡಿ."

ಚೆನ್ನಾಗಿ ಕೊಳೆಯುವ ಕಸಕ್ಕೂ ಅದರದೇ ಒಂದು ವಾಸನೆ ಇರುತ್ತದೆ, ಏನೂ ಇಲ್ಲ ಎನ್ನುವ ಉತ್ತರವೇ ಇರಲಾರದು ಎಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ?

ನಾಲ್ಕನೇ ಬೆಳಿಗ್ಗೆ ಅಜ್ಜ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಗೇಟಿಗೆ ಬಂದರು.

"ಏನಮ್ಮಾ, ನಮ್ಮನ್ನ ಸಾಯಿಸ್ಬೇಕು ಅಂತಿದ್ದೀರಾ? ಇದು ನಿನ್ನ ಮೂಗಿಗೆ ಬಡೀತಿಲ್ವಾ?"

"ಇಲ್ಲ ಅಜ್ಜ. ನಂಗೆ ಯಾವುದೂ ಬಡಿಯಲ್ಲ."

ಅಜ್ಜನ ಟವೆಲ್ ಕೆಳಗಿಳಿಯಿತು. ಸಿಟ್ಟಿಗಿಂತ ಕುತೂಹಲ ಮುಂದಾಯಿತು. "ಯಾವುದೂ ಅಂದ್ರೆ? ಕಾಫಿ?"

"ಬಿಸಿನೀರು, ಸ್ವಲ್ಪ ಕಹಿ."

"ಸೀಮೆಎಣ್ಣೆ?"

"ಕುಡಿದು ನೋಡಿಲ್ಲ ಅಜ್ಜ."

ನಾದಿನಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಬಂದಾಗ ಅಕ್ಕನಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. "ನೆಗಡಿ ಅಂತ ಬಾಯಿಬಿಟ್ಟು ಹೇಳೋಕೇನೇ ಆಗಿತ್ತು?"

"ನೀನು ಕೇಳಿದ್ದು ವಾಸನೆ ಇದೆಯಾ ಅಂತ. ಇರ್ಲಿಲ್ಲ, ಹೇಳ್ದೆ."

ಅಜ್ಜ ನಕ್ಕರು. ಹಾಗಂತ ಕರಗಲಿಲ್ಲ. "ದೂರು ಕೊಡಲ್ಲ ಅಂತ ನಾನು ಹೇಳಲ್ಲ. ಸಂಜೆ ಕಿಟಕಿ ತೆಗೀತೀನಿ. ಆಗಲೂ ಹೀಗೇ ಇದ್ರೆ ಬರೆದು ಕೊಡೋದೇ."

ಹುಳಿತ ಕಸವನ್ನು ಉಳಿಸುವ ದಾರಿ ಅಕ್ಕನಿಗೆ ಗೊತ್ತಿತ್ತು. ಪೂರ್ತಿ ಹೊರಗೆಳೆದು, ಹರಡಿ, ಎಲೆ ಬೆರೆಸಿ ಮತ್ತೆ ತುಂಬಬೇಕು. ನಾಲ್ಕೈದು ದಿನದಲ್ಲಿ ದಾರಿಗೆ ಬರುತ್ತದೆ. ಆದರೆ ಆ ನಾಲ್ಕೈದು ದಿನ ನಾತ ಇನ್ನಷ್ಟು ಏರುತ್ತದೆ. ಅಜ್ಜ ಕೊಟ್ಟದ್ದು ಸಂಜೆಯ ತನಕ. ಎರಡು ತೊಟ್ಟಿ ಉಳಿಸಲು ಹೋದರೆ ಎಂಟೂ ಹೋಗಬಹುದು. ಅಕ್ಕ ಸೂಪರ್‌ವೈಸರಿಗೆ ಫೋನ್ ಮಾಡಿ ತಾವಾಗಿಯೇ ಲಾರಿ ಕೇಳಿದರು. ಘಟಕ ಶುರುವಾದ ಮೇಲೆ ಇಲ್ಲಿಂದ ಗುಡ್ಡೆಗೆ ಲಾರಿ ಹೋದದ್ದು ಅದೇ ಮೊದಲು.

ಇಬ್ಬರೂ ಸಲಿಕೆ ಹಿಡಿದರು. "ಅವತ್ತು ನಾನೊಬ್ಬಳೇ ಮೂಗು ಮುಚ್ಚದೆ ಕೆಲಸ ಮಾಡಿದ್ದು. ಸೂಪರ್‌ವೈಸರ್ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ ಆಯ್ತು" ಎನ್ನುತ್ತಾರೆ ಅಕ್ಕ. ತೊಟ್ಟಿ ತೊಳೆದು, ನೆಲಕ್ಕೆ ಮರದ ಹೊಟ್ಟು ಚೆಲ್ಲುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಜ್ಜನ ಕಿಟಕಿ ತೆರೆಯಿತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಒಳಗಿನಿಂದ ಒಗ್ಗರಣೆಯ ಸದ್ದು ಬಂತು, ಕಿಟಕಿ ಮುಚ್ಚಲಿಲ್ಲ. ಮೂರನೇ ದೂರು ಈವರೆಗೆ ಹೋಗಿಲ್ಲ.

ಈಗ ಅಕ್ಕ ಕೇಳುವುದು "ಏನು ವಾಸನೆ?" ಎಂದೇ. "ಏನೂ ಇಲ್ಲ" ಎಂದವರ ಮೂಗನ್ನು ಆ ದಿನಕ್ಕೆ ಲೆಕ್ಕಕ್ಕಿಡುವುದಿಲ್ಲ. ಅವರಿಗೊಂದು ಆಸೆ ಇದೆ: ನಾದಿನಿಯ ಗಾಡಿಗೆ ಕಸ ಸುರಿಯುವವರೆಲ್ಲ ಒಮ್ಮೆಯಾದರೂ ಒಳಗೆ ಬಂದು, ತಮ್ಮ ಮನೆಯ ಸಿಪ್ಪೆ ಏನಾಗಿದೆ ಎಂದು ಕೈಯಲ್ಲಿ ಹಿಡಿದು ನೋಡಬೇಕು. ಈವರೆಗೆ ಬಂದವರು ಅಜ್ಜ ಒಬ್ಬರೇ, ಅದೂ ಗೇಟಿನವರೆಗೆ.

ಆ ದಿನ ಏನೇನು ಹೋಯಿತು ಎಂದು ಕೇಳಿದರೆ ಅಕ್ಕ ಉಳಿದ ತೊಟ್ಟಿಗಳ ಕಡೆ ನೋಡುತ್ತಾ ಹೇಳುತ್ತಾರೆ.

"ಎರಡು ತೊಟ್ಟಿ. ನಾನೂರು ಮನೆಯವರು ಎರಡು ವಾರ ಬೇರೆ ಮಾಡಿ ಕೊಟ್ಟ ಕಸ."