ಚಹಾಕ್ಕೆ ಮುರಿಯದ ಉಪವಾಸ

ನನ್ನ ಗಂಡನಿಗೆ ಹೆಡ್‌ಕ್ಲಾರ್ಕ್ ಆಗಬೇಕಿತ್ತು. ಅದಕ್ಕಾಗಿ ಉಪವಾಸ ಮಾಡಬೇಕಾದವಳು ನಾನು. ಮದುವೆಯಾಗಿ ಧಾರವಾಡದಿಂದ ದಾದರಿನ ಚಾಳ್ ಮನೆಗೆ ಬಂದ ಮರುವರ್ಷವೇ ಅತ್ತೆ ಈ ವ್ರತವನ್ನು ನನ್ನ ತಲೆಗೆ ಕಟ್ಟಿದರು. ಸೋಮವಾರ, ಗುರುವಾರ, ಶನಿವಾರ. ನಡುವೆ ಏಕಾದಶಿ ಬಂದರೆ ಅದೂ. ಬಡ್ತಿ ಬೇಕಾದ ಮಹಾಶಯ ಆ ದಿನಗಳಲ್ಲೂ ಗಡದ್ದಾಗಿ ಉಂಡು ಆಫೀಸಿಗೆ ಲೋಕಲ್ ರೈಲು ಹಿಡಿಯುತ್ತಿದ್ದ. ಎದುರಿಗೆ 'ನೀವು' ಎನ್ನುತ್ತಿದ್ದೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ಮನಸ್ಸಿಲ್ಲ.

ಆ ಮನೆಯ ಉಪವಾಸಕ್ಕೊಂದು ಅನುಕೂಲವಿತ್ತು. ಅನ್ನ ಮುಟ್ಟಿದರೆ ವ್ರತಭಂಗ, ಚಹಾ ಕುಡಿದರೆ ಇಲ್ಲ. ಸಕ್ಕರೆಯ ರೇಶನ್ ಹೋಗಿ ಅಂಗಡಿಯಲ್ಲಿ ಕೇಳಿದಷ್ಟು ಸಿಗತೊಡಗಿದ ಕಾಲ. ಹಸಿವಾದರೆ ಚಹಾ, ತಲೆ ಸುತ್ತಿದರೆ ಇನ್ನೊಂದು ಚಮಚ ಸಕ್ಕರೆ ಸುರಿದ ಚಹಾ, ಅತ್ತೆಗೆ ಕರುಣೆ ಉಕ್ಕಿದರೆ ಒಂದು ಖಜೂರ. ಸ್ಟೋವಿನ ಪಕ್ಕ ಲೋಟ ಇಟ್ಟುಕೊಂಡು ಇಡೀ ದಿನ ಗುಟುಕರಿಸುತ್ತಿದ್ದೆ. ದೇವರನ್ನು ಇಷ್ಟು ಸುಲಭವಾಗಿ ಏಮಾರಿಸಬಹುದೆಂದು ನಂಬಿದವರ ಭಕ್ತಿಗೆ ಏನು ಹೇಳಲಿ!

ಒಂದು ದಿನ ಮುಂದಿನ ಎರಡು ಹಲ್ಲುಗಳ ಸಂದಿಯಲ್ಲಿ ಕಪ್ಪು ಕಾಣಿಸಿತು.

"ನಿನ್ನ ತವರುಮನಿ ಹಲ್ಲೇ ಹಂಗ. ನಮ್ಮ ಮನಿತನದಾಗ ಯಾರಿಗೂ ಹುಳುಕಿಲ್ಲ," ಎಂದರು ಅತ್ತೆ.

ನನ್ನ ಅಜ್ಜಿ ಮುದುಕಿಯಾದ ಮೇಲೂ ಕಬ್ಬು ಸಿಗಿದು ತಿಂದವಳು. ಈ ಮಾತು ಹೇಳಿದ ಬಾಯಲ್ಲಿ ಉಳಿದಿದ್ದದ್ದು ಮೂರೋ ನಾಲ್ಕೋ ಹಲ್ಲು. ಲವಂಗ ಇಟ್ಟುಕೋ ಎಂದರು. ಇಟ್ಟುಕೊಂಡೆ, ಅದರ ಮೇಲೆ ಮತ್ತೆ ಚಹಾ ಕುಡಿದೆ.

ತುಟಿ, ಕೆನ್ನೆ ಊದಿಕೊಂಡ ಮೇಲೆ ಗಂಡ ಸ್ಟೇಶನ್ ಹತ್ತಿರದ ಹಲ್ಲಿನ ಡಾಕ್ಟರರಲ್ಲಿಗೆ ಕರೆದೊಯ್ದ. ಬೆಳಗಾವಿ ಕಡೆಯವರು. ಅವರು ಪ್ರಶ್ನೆ ಕೇಳಿದ್ದು ನನ್ನನ್ನು, ಉತ್ತರ ಕೊಟ್ಟದ್ದು ಇವನು.

"ಸಿಹಿ ಭಾಳ ತಿಂತೀರೇನ್ರಿ?"

"ಛೇ ಛೇ! ವಾರದಾಗ ಮೂರು ದಿನಾ ಕಡಕ್ ಉಪಾಸ ಇರ್ತಾಳ್ರಿ. ನಮ್ಮದು ಶಿಸ್ತಿನ ಮನಿ."

"ಬರೇ ನೀರಿನ ಮ್ಯಾಲೆ?"

ಊದಿದ ಬಾಯಿಂದಲೇ ನಾನೆಂದೆ: "ಚಹಾದ ಮ್ಯಾಲ್ರಿ. ಮುಂಜಾನಿಂದ ಸಂಜೀತನಕ."

ಡಾಕ್ಟರು ಗಂಡನ ಕಡೆ ತಿರುಗಿದರು. "ಎಷ್ಟು ಸಕ್ಕರಿ ಅನ್ನೂದಕ್ಕಿಂತ ಎಷ್ಟು ಸಲ ಅನ್ನೂದು ನೋಡ್ರಿ. ಗುಟುಕಿಗೊಮ್ಮೆ ಸಕ್ಕರಿ ಹತ್ತಿದ್ರ, ತೊಳ್ಯಾಕ ಬಾಯಾಗಿನ ಜೊಲ್ಲಿಗೆ ಪುರಸೊತ್ತೆಲ್ಲಿ? ಈ ಎರಡು ಹಲ್ಲು ಉಳ್ಯಾಂಗಿಲ್ಲ. ಹೊತ್ತಿಗೆ ಸರಿಯಾಗಿ ಉಂಡು, ಆ ಚಹಾ ಬಿಟ್ರ ಉಳಿದವು ಉಳೀತಾವ."

ಎರಡನ್ನೂ ಕಿತ್ತರು. ಮನೆಗೆ ಬರುವ ದಾರಿಯಲ್ಲಿ, ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ನನಗೆ ಇವನು ಮೆಲ್ಲಗೆ ಹೇಳಿದ: "ಪ್ರಮೋಶನ್ ಆಗೂತನಕ ಹೆಂಗರೇ ನಡಸು. ಈಗ ಬಿಟ್ರ ಇಷ್ಟು ದಿನದ್ದೆಲ್ಲಾ ವ್ಯರ್ಥ."

ಇಪ್ಪತ್ತೆರಡರ ಹುಡುಗಿ ನಾನು. ಬಾಯಲ್ಲಿ ಉಳಿದ ಹಲ್ಲುಗಳೂ ಈ ಮನುಷ್ಯನ ಕುರ್ಚಿಗೆ ಹೋಗಬೇಕೆ? ಸಿಟ್ಟು ಕೂಡ ಬರಲಿಲ್ಲ, ಬರೀ ಹೇಸಿಗೆಯಾಯಿತು.

ಮರು ಸೋಮವಾರ ಬೆಳಿಗ್ಗೆ ಅವನ ತಟ್ಟೆಯ ಪಕ್ಕದಲ್ಲೇ ನನ್ನ ತಟ್ಟೆ ಹಾಕಿಕೊಂಡು ಕೂತೆ. ಅನ್ನ ಮೆತ್ತಗೆ ಕಲಸಿ ಒಂದು ತುತ್ತು ಬಾಯಿಗಿಟ್ಟೆ.

"ಇವತ್ತ ಸೋಮವಾರ!" ಎಂದರು ಅತ್ತೆ.

"ಹೌದ್ರಿ. ಪ್ರಮೋಶನ್ ಬೇಕಾಗಿದ್ದು ಇವರಿಗೆ. ಉಪಾಸ ಇವರೇ ಇರ್ಲಿ."

ಗಂಡ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ, ಇನ್ನೊಂದು ಚಪಾತಿ ಹಾಕು ಎಂದ.